ಹಾಳೆಯನ್ನು ಒಮ್ಮೆ ಮಗುಚಿ ನೋಡಿ

ಕೇಳುಗರಿಗೆ ನಮಸ್ಕಾರ. ಹಳೆಯ ಕಾಲದ ಅಚ್ಚಿನ ಚಿತ್ರವೋ ನಕ್ಷೆಯೋ ಕೈಗೆ ಸಿಕ್ಕಿದರೆ ಯಾರೇ ಆದರೂ ಮೊದಲು ನೋಡುವುದು ಚಿತ್ರವನ್ನು. ಸಮುದ್ರದಲ್ಲಿ ಹಡಗು ಇದೆಯಾ, ಬಣ್ಣ ಹೇಗಿದೆ, ಗೋಡೆಗೆ ಹಾಕಿದರೆ ಚೆನ್ನಾಗಿ ಕಾಣುತ್ತಾ. ನಾನೂ ಎಷ್ಟೋ ವರ್ಷ ಹಾಗೇ ನೋಡುತ್ತಿದ್ದೆ. ಈಗ ಮೊದಲು ಹಾಳೆಯನ್ನು ಮಗುಚುತ್ತೇನೆ. ಇವತ್ತಿನ ಮಾತು ಅದರ ಬಗ್ಗೆಯೇ.

ಇವು ಹೇಗೆ ಅಚ್ಚಾಗುತ್ತಿದ್ದವು ಅಂತ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಎನ್‌ಗ್ರೇವಿಂಗ್ ಅಂದರೆ ತಾಮ್ರದ ತಗಡಿನಲ್ಲಿ ಚೂಪಾದ ಉಳಿಯಿಂದ ಗೆರೆ ಕೊರೆಯುವುದು. ಎಚ್ಚಿಂಗ್‌ನಲ್ಲಿ ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಗೀಚಿ, ಆಸಿಡ್‌ನಲ್ಲಿ ಅದ್ದುತ್ತಾರೆ, ಲೇಪ ಕಿತ್ತುಹೋದ ಕಡೆ ಮಾತ್ರ ಆಸಿಡ್ ತಾಮ್ರವನ್ನು ತಿನ್ನುತ್ತದೆ. ಭೂತಗನ್ನಡಿ ಹಿಡಿದರೆ ವ್ಯತ್ಯಾಸ ಕಾಣುತ್ತೆ. ಉಳಿಯ ಗೆರೆ ನಡುವೆ ದಪ್ಪವಾಗಿ ತುದಿಯಲ್ಲಿ ಮೊನೆಯಾಗುತ್ತದೆ, ಆಸಿಡ್ ತಿಂದ ಗೆರೆಯ ತುದಿ ಮೊಂಡು. ಆಮೇಲೆ ಎರಡಕ್ಕೂ ಒಂದೇ ರೀತಿ: ಗೆರೆಯೊಳಗೆ ಶಾಯಿ ತುಂಬಿ, ಮೇಲಿನದನ್ನು ಒರೆಸಿ, ಒದ್ದೆ ಕಾಗದ ಹಾಸಿ, ರೋಲರ್ ಕೆಳಗೆ ಬಲವಾಗಿ ಒತ್ತುತ್ತಾರೆ. ಆಗ ತಗಡಿನ ಅಂಚು ಕಾಗದದಲ್ಲಿ ಕೂತುಬಿಡುತ್ತೆ. ಚಿತ್ರದ ಸುತ್ತ ಬೆರಳಾಡಿಸಿದರೆ ಆ ತಗ್ಗು ಸಿಗುತ್ತದೆ, ಯಾರಾದರೂ ಅಂಚು ಕತ್ತರಿಸಿದ್ದರೆ ಸಿಗುವುದಿಲ್ಲ. ಗೆರೆಯ ಬದಲು ಸಾಲುಸಾಲು ಸಣ್ಣ ಚುಕ್ಕೆ ಕಂಡರೆ ಅದು ಫೋಟೋ ತೆಗೆದು ಮಾಡಿದ ಈಚಿನ ಅಚ್ಚು.

ತಗಡಿನಲ್ಲಿ ಎಲ್ಲವನ್ನೂ ಉಲ್ಟಾ ಕೊರೆಯಬೇಕು, ಅದನ್ನು ನೆನೆಸಿಕೊಂಡರೆ ನನಗೆ ಈಗಲೂ ಆಶ್ಚರ್ಯ. ಒಂದು ನಕ್ಷೆಯಲ್ಲಿ ನೂರಾರು ಊರಿನ ಹೆಸರು, ಒಂದೊಂದು ಅಕ್ಷರವೂ ಉಲ್ಟಾ! ಜರ್ಮನಿಯ ದೊಡ್ಡ ಕಲಾವಿದ ಡ್ಯೂರರ್‌ನಂಥವನೂ 1514ರ ‘ಮೆಲೆಂಕೋಲಿಯಾ’ ಎನ್ನುವ ಎನ್‌ಗ್ರೇವಿಂಗ್‌ನಲ್ಲಿ ತಪ್ಪಿದ್ದ. ಆ ಚಿತ್ರದೊಳಗೆ ಅಂಕಿಗಳ ಒಂದು ಚೌಕ ಇದೆ, ಮೊದಲು ತೆಗೆದ ಪ್ರತಿಗಳಲ್ಲಿ ಅದರ 9 ತಿರುಗುಮುರುಗಾಗಿದೆ, ಆಮೇಲೆ ತಗಡಿನಲ್ಲೇ ತಿದ್ದಿದ್ದಾನೆ. ಹೀಗೆ ತಗಡನ್ನು ತಿದ್ದಿದ ಒಂದೊಂದು ಹಂತವನ್ನೂ ಸಂಗ್ರಹಕಾರರು ‘ಸ್ಟೇಟ್’ ಅಂತಾರೆ.

ತಗಡು ಅದನ್ನು ಮಾಡಿದವನಿಗಿಂತ ಜಾಸ್ತಿ ಕಾಲ ಬಾಳುತ್ತೆ. ಡಚ್ ಕಲಾವಿದ ರೆಂಬ್ರಾಂಟ್ ತೀರಿಕೊಂಡಿದ್ದು 1669ರಲ್ಲಿ. ಅವನ ಎಷ್ಟೋ ತಗಡುಗಳು ಕೈಯಿಂದ ಕೈಗೆ ಹೋಗಿ, 1800 ದಾಟಿದ ಮೇಲೂ ಅವುಗಳಿಂದ ಅಚ್ಚು ತೆಗೆದಿದ್ದಾರೆ. ಆದ್ದರಿಂದ ‘ಇದು ಅಸಲಿ ತಗಡಿನದು’ ಅಂತ ಯಾರಾದರೂ ಹೇಳಿದರೆ, ಯಾವಾಗ ತೆಗೆದ ಅಚ್ಚು ಅಂತ ಕೇಳಿ. ಕಾಗದವನ್ನೂ ಕೇಳಬಹುದು. ಬೆಳಕಿಗೆ ಹಿಡಿದಾಗ ಒತ್ತೊತ್ತಾಗಿ ಗೆರೆಗಳು, ಅವಕ್ಕೆ ಅಡ್ಡಲಾಗಿ ದೂರದೂರಕ್ಕೆ ಬೇರೆ ಗೆರೆಗಳು ಕಂಡರೆ ಅದು ತಂತಿ ಸಾಲಾಗಿ ಕಟ್ಟಿದ ಚೌಕಟ್ಟಿನಲ್ಲಿ ತಿರುಳನ್ನು ಎತ್ತಿ ಮಾಡಿದ ಕಾಗದ. ಯುರೋಪಿನಲ್ಲಿ ಗೆರೆಯಿಲ್ಲದ ನುಣುಪು ಕಾಗದ ಬಂದದ್ದು 1750ರ ದಶಕದಲ್ಲಿ. 1600ರದ್ದು ಅನ್ನುವ ಹಾಳೆಯಲ್ಲಿ ಆ ಗೆರೆಗಳೇ ಇಲ್ಲದಿದ್ದರೆ ಅಲ್ಲೇ ನಿಲ್ಲಬೇಕು, ಅಲ್ವಾ?

ಈಗ ಹಿಂಬದಿಗೆ ಬರೋಣ. ನಕ್ಷೆಗಾರ ಅಬ್ರಹಾಂ ಓರ್ಟೇಲಿಯಸ್ 1570ರಲ್ಲಿ ಆಂಟ್‌ವರ್ಪ್‌ನಲ್ಲಿ ತಂದ ಅಟ್ಲಾಸಿನ ಹಾಳೆ ಒಂದನ್ನು ಮಗುಚಿ ನೋಡಿ. ಹಿಂದೆ ಆ ದೇಶದ ವರ್ಣನೆ ಅಚ್ಚಾಗಿರುತ್ತದೆ. ಲ್ಯಾಟಿನ್ ಇರಬಹುದು, ಜರ್ಮನ್, ಫ್ರೆಂಚ್ ಇರಬಹುದು. ಆ ಭಾಷೆ, ಪುಟದ ಸಂಖ್ಯೆ ಹಿಡಿದು ಅದು ಯಾವ ಮುದ್ರಣದ್ದು ಅಂತ ಹುಡುಕಬಹುದು. ನನಗೆ ತುಂಬಾ ಇಷ್ಟವಾದ ಗುರುತು ಹಸಿರು ಬಣ್ಣದ್ದು. ಆಗಿನವರು ತಾಮ್ರದ ಕಿಲುಬಿನಿಂದ ಹಸಿರು ಮಾಡುತ್ತಿದ್ದರು. ಅದು ನೂರಾರು ವರ್ಷ ಕಾಗದವನ್ನು ನಿಧಾನಕ್ಕೆ ಸುಡುತ್ತಾ ಬರುತ್ತೆ. ಮುಂದೆ ಕಾಡು, ಗಡಿ ಹಸಿರಾಗಿದ್ದ ಕಡೆಯೇ ಹಿಂದೆ ಕಂದು ನೆರಳು, ನಕ್ಷೆಯ ಇನ್ನೊಂದು ನಕ್ಷೆಯ ಹಾಗೆ. ಮೊನ್ನೆ ಮೊನ್ನೆ ಯಾರೋ ಬಣ್ಣ ಹಚ್ಚಿದ ಹಾಳೆಯಲ್ಲಿ ಆ ನೆರಳು ಇರುವುದಿಲ್ಲ.

ಹಿಂಬದಿಯಲ್ಲಿ ಇನ್ನೊಂದನ್ನೂ ಹುಡುಕಬೇಕು: ಗ್ರಂಥಾಲಯದ ಮೊಹರು, ಅಥವಾ ಅದನ್ನು ಉಜ್ಜಿ ಅಳಿಸಿದ ಜಾಗ. 2005ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ನೆಲದ ಮೇಲೆ ಒಂದು ಬ್ಲೇಡ್ ಸಿಕ್ಕಿತು. ಅಲ್ಲಿ ಕೂತಿದ್ದ ನಕ್ಷೆ ವ್ಯಾಪಾರಿಯನ್ನು ಹಿಡಿದರು, ಬೇರೆಬೇರೆ ಗ್ರಂಥಾಲಯಗಳಿಂದ ಒಟ್ಟು 97 ನಕ್ಷೆ ಕದ್ದೆ ಅಂತ ಅವನೇ ಒಪ್ಪಿಕೊಂಡ. ಕಳ್ಳತನವಲ್ಲದೆಯೂ ಅಟ್ಲಾಸ್‌ಗಳ ಹೊಲಿಗೆ ಬಿಚ್ಚಿ ಬಿಡಿ ಹಾಳೆ ಮಾರುವ ರೂಢಿ ಇದೆ. ಗಟ್ಟಿಯಾಗಿರುವ ಪುಸ್ತಕವನ್ನು ಹಾಗೆ ಹರಿಯುವುದು ನನಗೆ ಒಪ್ಪಿಗೆಯಿಲ್ಲ. ಇದು ಎಲ್ಲಿಂದ ಬಂತು ಅಂತ ಕೇಳಲು ಸಂಕೋಚ ಬೇಡ.

ನಾನು ಕೊಂಡ ಮೊದಲ ನಕ್ಷೆ ಕ್ಯಾಲಿಫೋರ್ನಿಯಾವನ್ನು ದ್ವೀಪ ಮಾಡಿದ್ದು. 1600ರ ನಂತರ ಬಹಳ ಕಾಲ ಎಷ್ಟೋ ನಕ್ಷೆಗಾರರು ಹಾಗೇ ಬರೆದರು, ಒಬ್ಬರದನ್ನು ನೋಡಿ ಇನ್ನೊಬ್ಬರು. ಅದನ್ನು ಸುಮ್ನೆ ಮಾಮೂಲಿ ರಟ್ಟು ಹಾಕಿ ಫ್ರೇಮ್ ಮಾಡಿಸಿ ಕಿಟಕಿಯ ಎದುರು ತೂಗುಹಾಕಿದೆ. ಕೆಲವು ವರ್ಷ ಕಳೆದು ಬಿಚ್ಚಿದರೆ ರಟ್ಟಿನ ಆಮ್ಲ ತಾಗಿ ಸುತ್ತ ಕಂದು ಪಟ್ಟಿ ಬಿದ್ದಿತ್ತು, ಬಿಸಿಲಿಗೆ ಬಣ್ಣ ಪೇಲವವಾಗಿತ್ತು. ಅಂಟುಪಟ್ಟಿ ಹಚ್ಚಿದ್ದ ಮೂಲೆಗಳಲ್ಲಿ ಹಳದಿ ಕಲೆ. ಆಮ್ಲವಿಲ್ಲದ ರಟ್ಟು ಕೇಳಿ ಹಾಕಿಸಬೇಕಿತ್ತು, ಬಿಸಿಲು ಬೀಳದ ಗೋಡೆ ನೋಡಬೇಕಿತ್ತು. ಈಗ ಅದು ಕತ್ತಲೆಯ ಡ್ರಾಯರ್‌ನಲ್ಲಿ, ಆಮ್ಲವಿಲ್ಲದ ಕಾಗದದ ನಡುವೆ ಮಡಿಸದೆ ಮಲಗಿದೆ. ಯಾರಾದರೂ ಬಂದಾಗ ಹೊರಗೆ ತೆಗೆಯುತ್ತೇನೆ, ಮೊದಲು ಹಿಂಬದಿ ತೋರಿಸುತ್ತೇನೆ. ನಮಸ್ಕಾರ.