ಸಂತೆಹೊಂಡದ ಯಾವ ಮೆಟ್ಟಿಲಿಗೆ ಬರಬೇಕು?

ವೇದಿಕೆಯ ಮೇಲಿರುವ ಹಿರಿಯರೇ, ಎನ್‌ಎಸ್‌ಎಸ್ ಗೆಳೆಯರೇ, ಹಿಂದಿನ ಸಾಲಿನಲ್ಲಿ ಕುಳಿತು ಮೊಬೈಲ್ ನೋಡುತ್ತಿರುವವರೇ, ಎಲ್ಲರಿಗೂ ನಮಸ್ಕಾರ. ಮೊಬೈಲ್ ಒಳಗಿಡುವುದು ಬೇಡ. ಕಸ ಹೆಕ್ಕುವ ಕೆಲಸಕ್ಕೆ ಜನರನ್ನು ಕರೆಯುವುದು ಹೇಗೆ ಎಂಬುದೇ ಇವತ್ತಿನ ಮಾತು, ಅದಕ್ಕೆ ಮೊಬೈಲೂ ಬೇಕು.

ಕೆಲವು ವರ್ಷಗಳ ಹಿಂದೆ ನಾವು ಇದೇ ದುರ್ಗದಲ್ಲಿ ಕಸ ಹೆಕ್ಕುವ ಕಾರ್ಯಕ್ರಮ ಇಟ್ಟುಕೊಂಡಿದ್ದೆವು. ಪೋಸ್ಟರ್ ಮಾಡಿಸಿದವನು ನಾನೇ. ಒಂಬತ್ತು ಜನರ ಭಾವಚಿತ್ರ, ಕೆಳಗೆ ‘ಸರ್ವರಿಗೂ ಆದರದ ಸ್ವಾಗತ’. ಸ್ಥಳ: ಕೋಟೆ ಹತ್ತಿರ. ಸಮಯ: ಬೆಳಿಗ್ಗೆ. ಚಿತ್ರದುರ್ಗದಲ್ಲಿ ಕೋಟೆ ಹತ್ತಿರವಲ್ಲದ ಜಾಗ ಯಾವುದಿದೆ, ಹೇಳಿ! ಕೆಲವರು ಕೋಟೆಯ ಬಾಗಿಲಲ್ಲಿ ನಿಂತು ವಾಪಸ್ಸಾದರು, ಕೆಲವರು ಚಂದ್ರವಳ್ಳಿಗೆ ಹೋದರು. ನಾವು ಪೊರಕೆ ಹಿಡಿದು ಕೋಟೆಯ ಕೆಳಗೆ ಊರೊಳಗಿರುವ ಮೆಟ್ಟಿಲುಗಳ ಹಳೆಯ ಕೊಳ, ಅಂದರೆ ಸಂತೆಹೊಂಡದ ಬಳಿ ಕಾದೆವು. ಬಂದವರು ಹನ್ನೊಂದು ಜನ. ಭಾವಚಿತ್ರದವರು ಇಬ್ಬರು ಬಂದಿದ್ದರು. ಫೋಟೊ ಆದ ಕೂಡಲೇ ಹೊರಟರು.

ಆಮೇಲೆ ಪೋಸ್ಟರಿನಿಂದ ಮುಖಗಳನ್ನೆಲ್ಲ ತೆಗೆದುಹಾಕಿದೆ. ಆ ಮುನಿಸು ಇನ್ನೂ ಕೆಲವರಿಗೆ ಇದೆ, ಇರಲಿ. ಮುಖಗಳಿದ್ದ ಜಾಗದಲ್ಲಿ ಒಂದೇ ಚಿತ್ರ: ಮೆಟ್ಟಿಲಿನ ಎರಡು ಕಲ್ಲುಗಳ ಸಂದಿಗೆ ಗುಟ್ಕಾ ಚೀಟಿಗಳು ಪದರಪದರವಾಗಿ ತುರುಕಿಕೊಂಡಿದ್ದವು. ಪೊರಕೆ ಅಲ್ಲಿಗೆ ಇಳಿಯುವುದಿಲ್ಲ, ಕಡ್ಡಿಯಿಂದ ಕೆದಕಿ ಬೆರಳಿನಿಂದಲೇ ಕೀಳಬೇಕು. ಅದರ ಕೆಳಗೆ, ‘ಈ ಮೆಟ್ಟಿಲಿಗೆ ಭಾನುವಾರ ಆರೂವರೆಗೆ ಬನ್ನಿ. ಎಂಟೂವರೆಗೆ ಮುಗಿಸುತ್ತೇವೆ. ಕೈಗವಸು ನಮ್ಮದು, ನೀರಿನ ಬಾಟಲಿ ನಿಮ್ಮದು’ ಎಂದು ಬರೆದೆವು. ಮುಗಿಯುವ ಹೊತ್ತನ್ನು ಬರೆಯುವುದು ಮರೆಯಬೇಡಿ. ಭಾನುವಾರ ಮನೆಯಲ್ಲಿ ಕೆಲಸ ಇಲ್ಲದವರು ಯಾರಿದ್ದಾರೆ?

ಎಸ್ಟೋನಿಯಾ ಎಂಬ ಪುಟ್ಟ ದೇಶದಲ್ಲಿ 2008ರ ಮೇ 3ರಂದು ಸುಮಾರು 50,000 ಜನ ಒಂದೇ ದಿನ ಕಸ ಎತ್ತಿದರು. ಆ ದೇಶದ ಜನಸಂಖ್ಯೆಯೇ ಹದಿಮೂರು ಲಕ್ಷದಷ್ಟು. ಜನರನ್ನು ಕರೆಯುವ ಮೊದಲು ಅಲ್ಲಿನ ಕಾರ್ಯಕರ್ತರು ಕಸದ ರಾಶಿಗಳ ಫೋಟೊ ತೆಗೆದು ನಕ್ಷೆಯಲ್ಲಿ ಗುರುತು ಹಾಕಿದ್ದರು. ಹೀಗಾಗಿ ಬಂದವರಿಗೆ ಎಲ್ಲಿಗೆ ಹೋಗಬೇಕೆಂಬುದು ಗೊತ್ತಿತ್ತು. ಸಂತೆಹೊಂಡಕ್ಕೆ ಅಷ್ಟು ದೊಡ್ಡ ನಕ್ಷೆ ಬೇಕಿಲ್ಲ, ನಾಲ್ಕು ಫೋಟೊ ಸಾಕು.

ಪತ್ರಿಕೆಗೆ ಹೋಗುವಾಗ ಮೂರು ಪುಟದ ಪ್ರಕಟಣೆ ಒಯ್ಯಬೇಡಿ. ‘ನಗರದಲ್ಲಿ ಇಂದು’ ಅಂಕಣಕ್ಕೆ ಎರಡು ಸಾಲು ಸಾಕು, ಅದನ್ನು ಎರಡು ದಿನ ಮೊದಲೇ ಕೊಡಿ. ವರದಿಗಾರರಿಗೆ ಬೇಕಾದದ್ದು ಸುದ್ದಿ. ಕೋಟೆಯ ಮೇಲಿನ ಹೊಂಡಗಳು ತುಂಬಿದರೆ ಹೆಚ್ಚಾದ ನೀರು ಕೆಳಗಿನ ಹೊಂಡಗಳಿಗೆ ಇಳಿದು ಬರುವಂತೆ ನಮ್ಮ ಹಿರಿಯರು ಕಟ್ಟಿದ್ದರು. ಮೇಲೆ ಎಸೆದ ಬಾಟಲಿಯೂ ಅದೇ ದಾರಿ ಹಿಡಿಯುತ್ತದೆ. ಇದನ್ನು ಹೇಳಿ, ಅವರೇ ಬರೆದುಕೊಳ್ಳುತ್ತಾರೆ. ನಮ್ಮ ಚಿತ್ರದುರ್ಗ ಆಕಾಶವಾಣಿಯನ್ನೂ ಮರೆಯಬೇಡಿ; ಮೊಬೈಲ್ ಮುಟ್ಟದ ಅಜ್ಜಂದಿರು ರೇಡಿಯೊ ಕೇಳುತ್ತಾರೆ, ಮೊಮ್ಮಕ್ಕಳನ್ನು ಎಬ್ಬಿಸಿ ಕಳುಹಿಸುವವರೂ ಅವರೇ.

ಇನ್ನು ವಾಟ್ಸ್ಆ್ಯಪ್. ಹಲವು ಬಾರಿ ಫಾರ್ವರ್ಡ್ ಆದ ಸಂದೇಶವನ್ನು ಒಂದು ಸಲಕ್ಕೆ ಒಂದೇ ಕಡೆಗೆ ಕಳುಹಿಸಲು ಸಾಧ್ಯ. ಅದರ ನೆತ್ತಿಯ ಮೇಲಿನ ಜೋಡಿ ಬಾಣ ಕಂಡರೆ ಓದದೆಯೇ ಮುಂದೆ ಹೋಗುವವರಲ್ಲಿ ನಾನೂ ಒಬ್ಬ. ನಿಮ್ಮ ಓಣಿಯ ಗುಂಪಿಗೆ ನೀವೇ ಹೊಸದಾಗಿ ಟೈಪ್ ಮಾಡಿ. ‘ಸರೋಜಮ್ಮನವರೇ, ಕಳೆದ ಸಲ ಬಂದಿದ್ದಿರಿ, ಈ ಸಲ ಸೊಸೆಯನ್ನೂ ಕರೆತನ್ನಿ’ ಎಂದು ಹೆಸರು ಹಿಡಿದು ಕರೆದರೆ ಬಾರದಿರುವುದು ಕಷ್ಟ.

ಕಸ ಎಸೆಯುವವರ ಮುಖ ಹಾಕಿ ಮಾನ ಕಳೆಯುವ ವಿಡಿಯೊ ಬೇಡ. ಜಗಳಕ್ಕೆ ನೂರು ಜನ ಸೇರುತ್ತಾರೆ, ಗೋಣಿಚೀಲ ಹಿಡಿಯಲು ಒಬ್ಬನೂ ಬರುವುದಿಲ್ಲ. ‘ಪೌರಕಾರ್ಮಿಕರು ಮಾಡದ್ದನ್ನು ನಾವು ಮಾಡಿದೆವು’ ಎಂದಂತೂ ಬರೆಯಲೇಬೇಡಿ. ನಾವು ವರ್ಷಕ್ಕೊಮ್ಮೆ ಬಗ್ಗುವವರು, ಅವರು ದಿನವೂ ಬಗ್ಗುವವರು. ಸೆಪ್ಟೆಂಬರ್ 20 ವಿಶ್ವ ಸ್ವಚ್ಛತಾ ದಿನ, 23 ನಮ್ಮ ರಾಜ್ಯದ ಪೌರಕಾರ್ಮಿಕರ ದಿನ. ಎರಡನ್ನೂ ಸೇರಿಸಿ ಒಂದೇ ಪೋಸ್ಟರ್ ಮಾಡಬಹುದು.

ಕಾರ್ಯಕ್ರಮ ಮುಗಿದ ಸಂಜೆಯೇ ಇನ್ನೊಂದು ಸಂದೇಶ ಹೋಗಬೇಕು. ಒಮ್ಮೆ ನಾವು ಬಾಟಲಿಗಳನ್ನು ಗುಜರಿ ಅಂಗಡಿಗೆ ಒಯ್ದು ತೂಗಿಸಿದೆವು. ಅಂಗಡಿಯವರು ಬೀಡಿ ಕಟ್ಟಿನ ಹಿಂಬದಿಯಲ್ಲಿ ತೂಕ ಬರೆದುಕೊಟ್ಟರು. ಆ ಚೀಟಿಯ ಫೋಟೊ ಹಾಕಿದೆವು, ಬೇರೇನೂ ಬರೆಯಲಿಲ್ಲ. ನಮ್ಮ ಯಾವ ಗುಂಪು ಫೋಟೊಗೂ ಬಾರದಷ್ಟು ಪ್ರತಿಕ್ರಿಯೆ ಅದಕ್ಕೆ ಬಂತು. ‘ಉಳಿದದ್ದು ಎಲ್ಲಿಗೆ ಹೋಯಿತು?’ ಎಂದು ಒಬ್ಬರು ಕೇಳಿದರು. ಅದಕ್ಕೆ ಉತ್ತರ ಕೊಡಲು ಮರುದಿನ ನಾನು ಕಸದ ಆಟೊದ ಹಿಂದೆಯೇ ಬೈಕಿನಲ್ಲಿ ಹೋಗಬೇಕಾಯಿತು.

ಪ್ರಶ್ನೆಗಳಿದ್ದರೆ ಕೇಳಿ. ಆಮೇಲೆ ನಾಲ್ಕು ಜನ ನನ್ನ ಜೊತೆ ಸಂತೆಹೊಂಡಕ್ಕೆ ಬನ್ನಿ, ಬೆಳಕು ಇರುವಾಗಲೇ ಫೋಟೊ ತೆಗೆದುಬಿಡೋಣ.