ಗುಟ್ಟು ಎಂದವರ ಎದುರು ಒಂದು ಅಡಿಟಿಪ್ಪಣಿ

ಎಲ್ಲರಿಗೂ ನಮಸ್ಕಾರ. ನಿಮ್ಮದೇ ಒಂದು ಕಾನೂನು ಪತ್ರಿಕೆ ತರಬೇಕು, ಮೊದಲ ಸಂಚಿಕೆಯ ವಿಷಯ ರಾಷ್ಟ್ರೀಯ ಭದ್ರತೆ ಎಂದು ನಿಮ್ಮ ಬಳಗದವರು ಫೋನ್ ಮಾಡಿದ್ದರು. ಮಾತಿನ ಕೊನೆಗೆ ಒಬ್ಬ ಹುಡುಗಿ ಮೆಲ್ಲಗೆ ಕೇಳಿದಳು: "ಸರ್, ಇದೆಲ್ಲ ದೊಡ್ಡವರ ವಿಷಯ ಅಲ್ವಾ?" ಆ ಪ್ರಶ್ನೆಗಾಗಿಯೇ ನಾನು ಬಂದೆ.

ವಾಷಿಂಗ್ಟನ್ನಿನ ಅಮೆರಿಕನ್ ಯೂನಿವರ್ಸಿಟಿಯ ಕಾನೂನು ಕಾಲೇಜಿನಲ್ಲಿ 2010-11ರ ಸುಮಾರಿಗೆ ವಿದ್ಯಾರ್ಥಿಗಳೇ 'ನ್ಯಾಷನಲ್ ಸೆಕ್ಯುರಿಟಿ ಲಾ ಬ್ರೀಫ್' ಎಂಬ ಪತ್ರಿಕೆ ಶುರು ಮಾಡಿದರು. ಹಾರ್ವರ್ಡಿನವರದ್ದೂ ಒಂದು ಅದೇ ಹೊತ್ತಿಗೆ ಬಂತು. ಗ್ವಾಂಟನಾಮೊದ ಸೆರೆಮನೆ, ಡ್ರೋನ್ ದಾಳಿ, ಫೋನ್ ಕದ್ದಾಲಿಕೆ, ಇವೇ ಅವರ ವಸ್ತು. ಈ ಮಕ್ಕಳ ಕೈಯಲ್ಲಿ ಒಂದೂ ಗುಪ್ತ ಕಡತ ಇರುವುದಿಲ್ಲ. ಅವರು ಮಾಡುವುದು ಇಷ್ಟೇ: ಪ್ರಾಧ್ಯಾಪಕರೋ ನಿವೃತ್ತ ಅಧಿಕಾರಿಯೋ ಕಳಿಸಿದ ಲೇಖನದ ಒಂದೊಂದು ಅಡಿಟಿಪ್ಪಣಿಯನ್ನೂ ಮೂಲದ ಜೊತೆ ಇಟ್ಟು ನೋಡುತ್ತಾರೆ. ಬರೆದವರು ಎಷ್ಟೇ ದೊಡ್ಡವರಿರಲಿ, 'ಮೂಲ ಎಲ್ಲಿದೆ?' ಎಂದು ಕೇಳುತ್ತಾರೆ. ಗುಮಾಸ್ತಿಕೆ ಅನ್ನಿಸಬಹುದು. ನನಗೆ ಹಾಗನ್ನಿಸುವುದಿಲ್ಲ. ಯಾಕೆಂದು ಹೇಳುತ್ತೇನೆ.

1948ರ ಅಕ್ಟೋಬರ್ 6. ಅಮೆರಿಕದ ಜಾರ್ಜಿಯಾ ರಾಜ್ಯದ ವೇಕ್ರಾಸ್ ಊರಿನ ಹತ್ತಿರ ಒಂದು ಬಿ-29 ವಿಮಾನ ಉರಿದು ಬಿತ್ತು. ಗುಪ್ತ ಉಪಕರಣವೊಂದರ ಪರೀಕ್ಷೆಗೆಂದು ಹಾರಿದ್ದ ವಿಮಾನ. ಹದಿಮೂರು ಜನರಲ್ಲಿ ಒಂಬತ್ತು ಜನ ಹೋದರು. ಅವರಲ್ಲಿ ಮೂವರು ನಾಗರಿಕ ಎಂಜಿನಿಯರುಗಳು. ಅವರ ಹೆಂಡತಿಯರು ಪರಿಹಾರಕ್ಕಾಗಿ ದಾವೆ ಹೂಡಿ, ಅಪಘಾತದ ವರದಿ ಕೊಡಿ ಎಂದರು. ಅದು ದೇಶದ ಗುಟ್ಟು ಎಂದು ವಾಯುಪಡೆ ಒಪ್ಪಲಿಲ್ಲ. ಹಾಗಾದರೆ ನನಗೊಬ್ಬನಿಗೆ ತೋರಿಸಿ ಎಂದರು ಕೆಳಗಿನ ನ್ಯಾಯಾಧೀಶರು. ಅದಕ್ಕೂ ಒಪ್ಪಲಿಲ್ಲ. ಆ ನ್ಯಾಯಾಧೀಶರು ಹೆಣ್ಣುಮಕ್ಕಳ ಪರ ತೀರ್ಪು ಕೊಟ್ಟರು, ಮೇಲ್ಮನವಿಯಲ್ಲೂ ಅದು ಉಳಿಯಿತು. 1953ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಇದೇ 'ರೆನಾಲ್ಡ್ಸ್' ತೀರ್ಪು. ಭದ್ರತೆಯ ಹೆಸರಿನಲ್ಲಿ ಕಡತವನ್ನು ಕೋರ್ಟಿಗೂ ಕೊಡದಿರುವ ಸರ್ಕಾರಿ ರಹಸ್ಯದ ಸವಲತ್ತು ಆ ದೇಶದಲ್ಲಿ ಇವತ್ತಿಗೂ ನಿಂತಿರುವುದು ಇದರ ಮೇಲೆ. 2022ರಲ್ಲೂ ಅದೇ ಕೋರ್ಟ್ ಇದನ್ನೇ ಆಧಾರ ಮಾಡಿಕೊಂಡಿತು. ಆದರೆ ಆ ವರದಿಯನ್ನು ಯಾವ ನ್ಯಾಯಮೂರ್ತಿಯೂ ತೆರೆದು ನೋಡಿರಲಿಲ್ಲ.

ಸತ್ತ ಎಂಜಿನಿಯರೊಬ್ಬರ ಮಗಳು ಆಗ ಹಸುಗೂಸು. ಅಪ್ಪನ ಮುಖ ನೆನಪಿಲ್ಲದ ಆ ಮಗು 2000ದಲ್ಲಿ, ಐವತ್ತು ದಾಟಿದ ಹೆಂಗಸಾಗಿ, ಅಂತರ್ಜಾಲದಲ್ಲಿ ಹಳೆಯ ವಿಮಾನಾಪಘಾತದ ವರದಿಗಳನ್ನು ಮಾರುವವರು ಇದ್ದಾರೆಂದು ಕಂಡುಕೊಂಡಳು. ದುಡ್ಡು ಕೊಟ್ಟು ತರಿಸಿದಳು. ಅದೇ ವರದಿ! ಉಪಕರಣದ ತಾಂತ್ರಿಕ ವಿವರ ಅದರಲ್ಲಿರಲಿಲ್ಲ. ಇದ್ದದ್ದು ಎಂಜಿನ್ನಿಗೆ ಬೆಂಕಿ ಹತ್ತಿದ ಕಥೆ. ಹಾಕಲೇಬೇಕೆಂದು ಆದೇಶವಿದ್ದ ಶಾಖತಡೆಗಳನ್ನು ಹಾಕದೇ ಬಿಟ್ಟ ಕಥೆ. ಮತ್ತೆ ಕೋರ್ಟಿಗೆ ಹೋದರು, ಗೆಲ್ಲಲಿಲ್ಲ. ತೀರ್ಪು ಕಲ್ಲಿನ ಹಾಗೆ ಹಾಗೇ ಇದೆ.

ನಾನು ಈ ಕಥೆಯನ್ನು ಎಷ್ಟು ತರಗತಿಗಳಲ್ಲಿ ಹೇಳಿದ್ದೇನೋ ಲೆಕ್ಕವಿಲ್ಲ. ಪ್ರತಿ ಸಲವೂ ಅದೇ ಕಡೆ ಗಂಟಲು ಕಟ್ಟುತ್ತದೆ. 'ಮೂಲ ಎಲ್ಲಿದೆ?' ಎಂದು ಪಟ್ಟು ಹಿಡಿದು ಕೊನೆತನಕ ಹೋದವಳು ಮಗಳು.

ದೇಶಕ್ಕೆ ಗುಟ್ಟುಗಳೇ ಇರಬಾರದು ಎನ್ನುತ್ತಿಲ್ಲ. ಗಡಿಯಲ್ಲಿ ನಿಂತ ಹುಡುಗನ ಠಾವು ಪತ್ರಿಕೆಯಲ್ಲಿ ಬರಬಾರದು. ಆದರೆ ಗುಟ್ಟು ಯಾವುದು, ಮುಚ್ಚಿಟ್ಟ ತಪ್ಪು ಯಾವುದು ಎಂದು ಯಾರಾದರೂ ನೋಡಲೇಬೇಕಲ್ಲ?

ಅಧ್ಯಕ್ಷರು ಗಡಿಯಾರ ತೋರಿಸುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ವಿದ್ಯಾರ್ಥಿ ಪತ್ರಿಕೆ ಎಂದರೆ ಯಾರು ಓದುತ್ತಾರೆ ಅನ್ನಬೇಡಿ. ಖಾಸಗಿತನದ ಹಕ್ಕಿನ ಬಗ್ಗೆ ವಾರೆನ್ ಮತ್ತು ಬ್ರಾಂಡೈಸ್ ಎಂಬ ಇಬ್ಬರು ವಕೀಲರು ಬರೆದ ಲೇಖನ 1890ರಲ್ಲಿ ಅಚ್ಚಾದದ್ದು ವಿದ್ಯಾರ್ಥಿಗಳು ನಡೆಸುವ ಹಾರ್ವರ್ಡ್ ಲಾ ರಿವ್ಯೂನಲ್ಲಿ. ಆ ಪತ್ರಿಕೆಗೆ ಆಗ ಮೂರೇ ವರ್ಷ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಹೆಸರಿನ ಮೊಕದ್ದಮೆಯಲ್ಲಿ, 2017ರ ಆಗಸ್ಟ್ 24ರಂದು, ಖಾಸಗಿತನ ಮೂಲಭೂತ ಹಕ್ಕು ಎಂದ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ತೀರ್ಪಿನಲ್ಲಿ ಆ ಲೇಖನ ಬಂದು ನಿಂತಿತು. ಬಂಧನದ ವಿರುದ್ಧ ಕೋರ್ಟಿಗೆ ಹೋಗುವಂತಿಲ್ಲ ಎಂದಿದ್ದ ತುರ್ತುಪರಿಸ್ಥಿತಿಯ ಕಾಲದ ಜಬಲ್ಪುರ ತೀರ್ಪು ರದ್ದಾದದ್ದೂ ಅದೇ ದಿನ. ಬೆಂಗಳೂರಿನ ಲಾ ಸ್ಕೂಲಿನ ಮಕ್ಕಳೂ ಪತ್ರಿಕೆ ನಡೆಸುತ್ತಿದ್ದಾರೆ, ಅದು ನಿಮಗೆ ಗೊತ್ತೇ ಇದೆ.

ಮೊದಲ ಸಂಚಿಕೆಗೆ ಮೀಡಿಯಾ ಒನ್ ತೀರ್ಪನ್ನು ಎತ್ತಿಕೊಳ್ಳಿ. 2023ರ ಏಪ್ರಿಲ್ 5. ಮಲಯಾಳಂ ವಾಹಿನಿಯೊಂದನ್ನು ಮುಚ್ಚಿಸಲು ಕೊಟ್ಟ ಕಾರಣಗಳು ವಾಹಿನಿಗೆ ತೋರಿಸದೆ ನ್ಯಾಯಾಧೀಶರಿಗಷ್ಟೇ ಕೊಟ್ಟ ಮುಚ್ಚಿದ ಲಕೋಟೆಯಲ್ಲಿದ್ದವು. ಕೇರಳ ಹೈಕೋರ್ಟ್ ಒಪ್ಪಿತು, ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಅದರಲ್ಲಿ ಉಲ್ಲೇಖಿಸಿರುವ ಒಂದೊಂದು ತೀರ್ಪಿನ ಮೂಲವನ್ನೂ ನೀವೇ ತೆಗೆದು ಓದಿ. ಪೂರ್ತಿ ಪ್ರತಿ ತಂದಿದ್ದೇನೆ. ಚಹಾದ ಹೊತ್ತಿಗೆ ಆ ಹುಡುಗಿ ಬಂದು ತೆಗೆದುಕೊಂಡು ಹೋಗಲಿ.