ಆಮೆಗೆ ಎಂತಕ್ಕೆ ಟಾಟಾ?

ನಮಸ್ಕಾರ ಮಾರಾಯ್ರೆ. ಇವತ್ತು ಬೇರೆ ವಿಷಯ ಇತ್ತು, ಬದಿಗಿಟ್ಟೆ. ಒಂದು ಕಾಮೆಂಟ್ ನೋಡಿ ತಲೆ ಕೆಟ್ಟಿದೆ. ಓದುತ್ತೇನೆ ಕೇಳಿ: "ಮೂರು ವಾರ ಶ್ರೀಲಂಕಾದಲ್ಲಿ ಕಡಲಾಮೆ ಕಾಯ್ದು, ಬರುವಾಗ ಮರಿ ಹಿಡಿದ ಒಂದು ಫೋಟೋ ಇಲ್ವಾ? ಹೋದದ್ದಕ್ಕೆ ಸಾಕ್ಷಿ ಎಂತ?"

ಸಾಕ್ಷಿಯಂತೆ! ಕಾಲಲ್ಲಿ ಸೊಳ್ಳೆ ಕಚ್ಚಿದ ಗುರುತು ಉಂಟು, ಕಳಿಸಲಾ?

ನಾನು ಹೇಳುವುದು ಒಂದೇ. ಬೀಳ್ಕೊಡುಗೆ ಬೇಕಿರುವುದು ನಮಗೆ, ಆಮೆಗಲ್ಲ.

ಕೊನೆಯ ದಿನ ಎಂತ ಆಯ್ತು ಹೇಳುತ್ತೇನೆ. ಹ್ಯಾಚರಿ, ಅಂದರೆ ಆಮೆಯ ಮೊಟ್ಟೆ ಕಾಪಾಡಿ ಮರಿ ಮಾಡಿಸುವ ಜಾಗ. ಅದರ ಹೆಸರು ಬೇಡ. ಅವರು ಪ್ರೀತಿಯಿಂದಲೇ ಕರೆದರು. "ನಿಮ್ಮ ಕೈಯಿಂದ ಬಿಡಲಿ ಅಂತ 10 ಮರಿ ಇಟ್ಟಿದ್ದೇವೆ" ಅಂದರು. ಸಿಮೆಂಟ್ ತೊಟ್ಟಿ. ಬೆಂಕಿಪೆಟ್ಟಿಗೆಯಷ್ಟು ಮರಿಗಳು ಗೋಡೆಗೆ ಮೂತಿ ಗುದ್ದಿಕೊಂಡು ಈಜುತ್ತಾ ಇದ್ದವು. ನಿಲ್ಲುವುದೇ ಇಲ್ಲ. ನೋಡಿದವರಿಗೆ ಆಟ ಅನ್ನಿಸುತ್ತದೆ. ಆಟ ಅಲ್ಲ! ಹುಟ್ಟುವಾಗ ಹೊಟ್ಟೆಯಲ್ಲಿ ಉಳಿದ ಮೊಟ್ಟೆಯ ಹಳದಿಯೇ ಅವುಗಳ ಬುತ್ತಿ. ಆ ಬುತ್ತಿಯ ಬಲದಲ್ಲಿ ಮೊದಲ 24 ಗಂಟೆ ಒಂದೇ ಸಮ ಈಜಿ ದಡ ಬಿಟ್ಟು ದೂರ ಹೋಗಬೇಕು. ನನ್ನ ಫೋಟೋಗೆ ಕಾದುಕೊಂಡು ತೊಟ್ಟಿಯಲ್ಲೇ ಬುತ್ತಿ ಖಾಲಿ.

ಅದೂ ಹಗಲು ಬಿಡುವುದಂತೆ, ಬೆಳಕು ಚೆನ್ನಾಗಿರುತ್ತದಲ್ಲ! ಮೇಲೆ ಕಾಗೆ, ಹದ್ದು ಪಂಕ್ತಿಗೆ ಕೂತಿವೆ.

ನಾನು ಬೇಡ ಅಂದೆ. ರಾತ್ರಿಯೇ ಬಿಟ್ಟರು. ಕೆಂಪು ಟಾರ್ಚಿನ ಸಣ್ಣ ಬೆಳಕು. ಒಂದು ಮರಿ ನನ್ನದೇ ಹೆಜ್ಜೆಗುರುತಿನ ಗುಂಡಿಗೆ ಬಿತ್ತು. ಹತ್ತಿತು, ಜಾರಿತು. ಕಣ್ಣ ಮೇಲೆ ಮರಳು. ನಾಲ್ಕನೇ ಸಲಕ್ಕೆ ಮೇಲೆ ಬಂತು. ನಾನು ಕೈ ಹಿಂದೆ ಕಟ್ಟಿ ನಿಂತಿದ್ದೆ, ಶಾಲೆಯಲ್ಲಿ ಬೈಸಿಕೊಳ್ಳುವವನ ಹಾಗೆ. ತಿರುಗಿ ನೋಡಿತಾ? ಎಂತಕ್ಕೆ ನೋಡಬೇಕು? ನಾನು ಯಾರು ಅದಕ್ಕೆ?

"ಫೋಟೋದಿಂದ ಜಾಗೃತಿ ಆಗ್ತದೆ" ಅನ್ನುವವರು ಇದ್ದಾರೆ. ಹೌದು ಹೌದು. ಕೆಳಗೆ ಕಾಮೆಂಟ್ ನೋಡಿ: "ಸೋ ಕ್ಯೂಟ್", "ಟಿಕೆಟ್ ಎಷ್ಟು?" ಅಷ್ಟೇ ಜಾಗೃತಿ.

"ದುಡ್ಡು ಕೊಟ್ಟಿದ್ದೇವಲ್ಲ" ಅಂತ ಇನ್ನೊಬ್ಬರು. ಮಂಗಳೂರು–ಉಡುಪಿ ಎಕ್ಸ್‌ಪ್ರೆಸ್ಸಿಗೂ ದುಡ್ಡು ಕೊಡುತ್ತೀರಿ. ಸ್ಟೇರಿಂಗ್ ಕೊಡಿ ಅಂತೀರಾ?

ಅಂದ ಹಾಗೆ, ಆಮೆ ಚಿತ್ರದ ಟಿ-ಶರ್ಟ್ ಮಾಡಿಸಿದ್ದೇವೆ, ಲಿಂಕ್ ಕೆಳಗುಂಟು. ಎಕ್ಸೆಲ್ ಮುಗಿದಿದೆ. ನಮ್ಮವರ ಹೊಟ್ಟೆ ಗೊತ್ತಲ್ಲ, ಎಲ್ಲ ನೀರುದೋಸೆ ಮಹಿಮೆ.

ಎಲ್ಲಿದ್ದೆ? ಹಾಂ. ಇದು ಬರೀ ಶ್ರೀಲಂಕಾದ ಕಥೆ ಅಲ್ಲ. 2024ರಲ್ಲಿ ಮಂಗಳೂರಿನ ಹತ್ತಿರ ನಮ್ಮ ಸಸಿಹಿತ್ಲು ಬೀಚಿನಲ್ಲೇ ಆಲಿವ್ ರಿಡ್ಲೆ ಅನ್ನುವ ಕಡಲಾಮೆಯ ಗೂಡು ಸಿಕ್ಕಿತ್ತು. ಅರಣ್ಯ ಇಲಾಖೆಯವರು ಬೇಲಿ ಹಾಕಿ ಕಾದರು. ನಾಳೆ ಅಲ್ಲಿಗೂ ಹೋಗುತ್ತೀರಿ, ಮರಿ ಎತ್ತಿ ಮುತ್ತು ಕೊಡುತ್ತೀರಿ. ಕೊಡಬೇಡಿ! ಬೀಳ್ಕೊಡುಗೆ ನಿಮಗೆ ಬೇಕಾ? ಹಾರ ತನ್ನಿ, ಶಾಲು ತನ್ನಿ, ನನಗೆ ಹಾಕಿ. ನಾನು ಕೂತುಕೊಳ್ಳುತ್ತೇನೆ, ಭಾಷಣವನ್ನೂ ಕೇಳುತ್ತೇನೆ. ಆಮೆಗೆ ಬೇಡ. ಬೇಡ ಅಂದರೆ ಬೇಡ.

ಇನ್ನೂ ಎರಡು ಪಾಯಿಂಟ್ ಬರೆದಿಟ್ಟಿದ್ದೆ. ಚೀಟಿ ಮೇಲೆ ಚಾ ಚೆಲ್ಲಿ ಓದಲಿಕ್ಕೇ ಆಗುವುದಿಲ್ಲ. ಪಾಯಿಂಟ್ ಅದೇ ಬಿಡಿ. ಆ ಕಾಮೆಂಟ್ ಹಾಕಿದವರೇ, ನೀವು ಇನ್ನೂ ಸಬ್‌ಸ್ಕ್ರೈಬ್ ಮಾಡಿಲ್ಲ, ನಾನು ನೋಡಿದ್ದೇನೆ.